ಟವಾರಿಸ್‌ನ ಮೊಣಕಾಲು

ಮಾತು ಕೊಟ್ಟಿದ್ದು ಬರೀ ನಾನಲ್ಲ, ಇಡೀ ಟೊಲಿಡೊ ಬಾಸ್ಕೆಟ್‌ಬಾಲ್ ತಂಡ. ನಮ್ಮ ಮ್ಯಾನೇಜರ್ ಗ್ರೇಡಿ ಹಾಲ್ಕೂಂಬ್ ಮೆಂಫಿಸ್‌ನ ಆ ಪುಟ್ಟ ಮನೆಯ ಸೋಫಾದಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದ. ಟವಾರಿಸ್‌ನ ಅಜ್ಜಿ ಮಿಸ್ ಒಡೆಸ್ಸಾ ಕರಿದ ಕೋಳಿಯನ್ನ ಮತ್ತೆ ಮತ್ತೆ ಹಾಕಿಸಿಕೊಂಡು ತಿಂದು, ಬಾಯಿ ಒರೆಸಿಕೊಂಡು ಹೇಳಿದ್ದ: "ಹನ್ನೊಂದನೇ ಸರದಿ ನಮ್ಮದು. ಅಲ್ಲಿವರೆಗೂ ನಿಮ್ಮ ಮೊಮ್ಮಗನನ್ನ ಯಾರೂ ಆರಿಸಿಕೊಳ್ಳದೆ ಇದ್ರೆ ಅವನು ನಮ್ಮವನೇ. ಬೇರೆ ಯಾರ ಮುಂದೆನೂ ಆಡಿ ತೋರಿಸೋಕೆ ಕಳಿಸಬೇಡಿ."

ಹುಡುಗ ಹೋಗಲಿಲ್ಲ. ಡ್ರಾಫ್ಟು ಅಂದ್ರೆ ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸಿಕೊಳ್ಳೋ ದಿನ; ಅದಕ್ಕೆ ಮುಂಚೆ ಕಾಲೇಜು ಆಟಗಾರರೆಲ್ಲ ಊರೂರು ಸುತ್ತಿ ಒಂದೊಂದು ತಂಡದ ಮುಂದೆಯೂ ಬೆವರು ಸುರಿಸ್ತಾರೆ. ಟವಾರಿಸ್ ಬೌಲ್ಸ್ ಮಾತ್ರ ನಮ್ಮ ಮಾತು ನಂಬಿಕೊಂಡು ಅಜ್ಜಿ ಮನೇಲೇ ಉಳಿದ. ಇದೆಲ್ಲ ನಮ್ಮ ಕಸುಬಿನಲ್ಲಿ ಮಾಮೂಲಿ. ಮಾತು ಕೊಡೋದು, ಅದನ್ನ ಗುಟ್ಟಾಗಿಡೋದು, ಬೇರೆಯವರು ಮೂಗು ತೂರಿಸದ ಹಾಗೆ ಹುಡುಗನ ಮೇಲೆ ಒಂದಿಷ್ಟು ಗಾಳಿಸುದ್ದಿ ಬಿಡೋದು. ಗ್ರೇಡಿ ಹೇಳಿದ, ನಾನು ಮಾಡಿದೆ. "ಅವನು ಯಾಕೆ ಎಲ್ಲೂ ಆಡ್ತಿಲ್ಲ ಗೊತ್ತಾ? ಮೊಣಕಾಲು ಕೆಟ್ಟಿದೆಯಂತೆ" ಅಂತ ಬೇರೆ ತಂಡದ ಇಬ್ಬರು ಸ್ಕೌಟ್‌ಗಳ ಕಿವೀಲಿ ಊದಿದೆ. ನಾನೂ ಅದೇ ಕೆಲಸದವಳು, ಕಾಲೇಜು ಕಾಲೇಜು ಅಲೆದು ಆಟಗಾರರನ್ನ ಹುಡುಕೋಳು. ನಮ್ಮ ಜನಕ್ಕೆ ಗುಟ್ಟು ಹೇಳೋದೂ ಒಂದೇ, ಡಂಗುರ ಹೊಡೆಸೋದೂ ಒಂದೇ.

ಡ್ರಾಫ್ಟಿನ ಸಂಜೆ ನಾವು ಟೊಲಿಡೊದ ಕಚೇರೀಲಿ ಪಿಜ್ಜಾ ಡಬ್ಬಗಳ ಮಧ್ಯೆ ಕೂತಿದ್ವಿ. ಟಿವಿಯಲ್ಲಿ ನ್ಯೂಯಾರ್ಕಿನ ಸಭಾಂಗಣ. ಟವಾರಿಸ್ ಸಾಸಿವೆ ಬಣ್ಣದ ಸೂಟು ಹಾಕ್ಕೊಂಡು ಅಜ್ಜಿ ಜೊತೆ ಒಂದು ಮೇಜಿನ ಮುಂದೆ ಕೂತಿದ್ದ. ಒಂದೊಂದೇ ಹೆಸರು ಕೂಗ್ತಾ ಬಂದರು, ಅವನದು ಬರಲಿಲ್ಲ. ನನಗೆ ಒಳಗೊಳಗೇ ಖುಷಿ. ಆದರೆ ಹತ್ತನೇ ಸರದಿ ಮುಗಿದಾಗ ಇನ್ನೊಬ್ಬನೂ ಉಳಿದುಬಿಟ್ಟಿದ್ದ. ಕೋಲ್ ಹೆನ್ನಿಗರ್! ಮೊದಲ ಐದರೊಳಗೇ ಹೋಗ್ತಾನೆ ಅಂತ ದೇಶವೆಲ್ಲ ಅಂದುಕೊಂಡಿದ್ದ ದೈತ್ಯ.

ಗ್ರೇಡಿಯ ಮುಖ ನೋಡಿದೆ. ಅವನ ಕಣ್ಣು ಟಿವಿಗೇ ಅಂಟಿಕೊಂಡಿತ್ತು.

"ಏಳಡಿ ಕಣೇ ವರ್ನಾ" ಅಂದ, ಪಿಸುಮಾತಿನಲ್ಲಿ.

"ಬೀದಿ ದೀಪದ ಕಂಬ ಅದಕ್ಕಿಂತ ಉದ್ದ ಇದೆ. ಕರ್ಕೊಂಬಂದು ಆಡಿಸು."

"ತಮಾಷೆ ಬೇಡ. ನಮಗೆ ಐದೇ ನಿಮಿಷ ಇರೋದು."

"ಅದಕ್ಕೇ ಹೇಳ್ತಿದೀನಿ. ಹೆನ್ನಿಗರ್ ಅರ್ಧ ಆಟಕ್ಕೇ ಸೊಂಟದ ಮೇಲೆ ಕೈ ಇಟ್ಕೊಂಡು ಏದುಸಿರು ಬಿಡ್ತಾನೆ. ನಾವು ಹೋದ ವರ್ಷ ಸೋತಿದ್ದೆಲ್ಲ ಹೇಗೆ? ಕೊನೇ ಗಳಿಗೇಲಿ ಚೆಂಡು ಯಾರಿಗೆ ಕೊಡಬೇಕು ಅಂತ ಗೊತ್ತಾಗದೆ. ಟವಾರಿಸ್‌ಗೆ ಗೊತ್ತಾಗುತ್ತೆ ಕಣೋ! ಅವನಿಗೆ ಮಾತು ಬೇರೆ ಕೊಟ್ಟಿದೀವಿ!"

ಅಷ್ಟರಲ್ಲಿ ಮಾಲೀಕರು ಬಂದರು. ಮಿಸ್ಟರ್ ಸ್ಟ್ರೌಡ್ ಹಾಸಿಗೆ ಅಂಗಡಿಗಳಲ್ಲಿ ದುಡ್ಡು ಮಾಡಿದವರು. ತಂಡ ಕೊಂಡ ಮೇಲೆ ತಮಗೆ ಬಾಸ್ಕೆಟ್‌ಬಾಲೂ ಬರುತ್ತೆ ಅಂದುಕೊಂಡಿದ್ದಾರೆ. ನಿಂತುಕೊಂಡೇ, "ಹೆನ್ನಿಗರ್ ತಾನೇ? ಇದರಲ್ಲಿ ಯೋಚನೆ ಮಾಡೋಕೆ ಏನಿದೆ?" ಅಂದರು.

"ಟವಾರಿಸ್ ಬೌಲ್ಸ್ ಸರ್" ಅಂದೆ.

"ಆ ಮೊಣಕಾಲು ಹೋಗಿರೋ ಹುಡುಗನಾ?"

"ಯಾರು ಹೇಳಿದ್ದು ಸರ್?"

"ಯಾರು ಹೇಳಿಲ್ಲ ಕೇಳು. ಗಾಲ್ಫ್ ಆಡುವಾಗ ಇನ್ನೊಂದು ತಂಡದ ಮಾಲೀಕ ಹೇಳಿದ. ರೇಡಿಯೋದಲ್ಲಿ ಹೇಳಿದ್ರು. ನನ್ನ ಹಲ್ಲಿನ ಡಾಕ್ಟರಿಗೂ ಗೊತ್ತು."

"ಅಯ್ಯೋ, ಅದು ನಾವೇ ಹಬ್ಬಿಸಿದ್ದು ಸರ್! ಬೇರೆಯವರು ತಗೊಳ್ಳದೆ ಇರಲಿ ಅಂತ. ಈ ಬಾಯಿಂದಾನೇ ಹೇಳಿದ್ದು ನಾನು. ಅವನ ಕಾಲಿಗೆ ಏನೂ ಆಗಿಲ್ಲ. ನಮ್ಮ ಡಾಕ್ಟರೇ ಸ್ಕ್ಯಾನ್ ಮಾಡಿ ನೋಡಿದ್ದಾರೆ."

ಮಿಸ್ಟರ್ ಸ್ಟ್ರೌಡ್ ನನ್ನನ್ನ ಮೇಲಿಂದ ಕೆಳಗೆ ನೋಡಿದರು. "ಅಂದ್ರೆ ಅವತ್ತು ಸುಳ್ಳು ಹೇಳಿದೆ, ಇವತ್ತು ನಿಜ ಹೇಳ್ತಿದೀಯ?"

"ಹೌದು ಸರ್."

"ಚೆನ್ನಾಗಿದೆ ಕಥೆ."

ನಾನು ಗ್ರೇಡಿ ಕಡೆ ತಿರುಗಿದೆ. "ಬಾಯಲ್ಲಿ ಕಡುಬು ಇಟ್ಕೊಂಡಿದೀಯೇನೋ? ಹೇಳೋ ಅವರಿಗೆ!" ಅವನ ಕೆಲಸದ ಒಪ್ಪಂದ ಈ ಬೇಸಿಗೆಗೆ ಮುಗಿಯೋದು, ಮುಂದುವರಿಸೋದು ಬಿಡೋದು ಸ್ಟ್ರೌಡ್ ಕೈಲಿ, ಅದು ನನಗೂ ಗೊತ್ತಿತ್ತು. ಆದರೂ ಹೇಳ್ತಾನೆ ಅಂತಲೇ ಅಂದುಕೊಂಡೆ. ಅಷ್ಟು ವರ್ಷ ಒಂದೇ ಕಾರಿನಲ್ಲಿ ಊರೂರು ಅಲೆದಿದ್ವಿ.

ಗ್ರೇಡಿ ಪಿಜ್ಜಾ ಮೇಲಿನ ಚೀಸ್ ಕೀಳ್ತಾ ಹೇಳಿದ: "ಸುದ್ದಿ ಹಬ್ಬಿಸಿದ್ದು ನಿಜ ಸರ್. ಆದ್ರೆ ಇಷ್ಟೊಂದು ಜನ ಹೇಳ್ತಿದ್ದಾರೆ ಅಂದ್ಮೇಲೆ… ಏನಾದ್ರೂ ಇದ್ರೂ ಇರಬಹುದೇನೋ."

ಥೂ! ತಾನೇ ಹುಟ್ಟಿಸಿದ ಸುಳ್ಳನ್ನ ತಾನೇ ನಂಬೋ ಜನ ಇದ್ದಾರೆ ಅಂತ ಕೇಳಿದ್ದೆ, ಕಣ್ಣಾರೆ ನೋಡಿದ್ದು ಅವತ್ತೇ. ಸುತ್ತ ಕೂತಿದ್ದವರ ಮುಖ ಒಂದೊಂದಾಗಿ ನೋಡಿದೆ. ಎಲ್ಲರೂ ತಮ್ಮ ತಮ್ಮ ಕಾಗದ ನೋಡ್ತಿದ್ರು.

"ಸರ್, ಕೈ ಮುಗೀತೀನಿ" ಅಂದೆ. "ನಮ್ಮನ್ನ ನಂಬಿ ಅವನು ಬೇರೆ ಯಾರಿಗೂ ಮುಖ ತೋರಿಸಿಲ್ಲ. ನಾವು ಬಿಟ್ರೆ ಅವನನ್ನ ಯಾರೂ ಮುಟ್ಟಲ್ಲ. ಅವನ ಕಾಲು ಕೆಟ್ಟಿದ್ದು ಗೊತ್ತಾದ್ರೆ ನನ್ನ ಕೆಲಸ ತೆಗೀರಿ. ಇವತ್ತೇ ಬರ್ಕೊಡ್ತೀನಿ."

"ನಿನ್ನ ಕೆಲಸ ಇಟ್ಕೊಂಡು ನಾನೇನು ಮಾಡಲಿ?" ಅಂದರು ಸ್ಟ್ರೌಡ್. ಗ್ರೇಡಿಗೆ ತಲೆ ಆಡಿಸಿದರು. ಗ್ರೇಡಿ ಫೋನ್ ಎತ್ತಿಕೊಂಡ.

ಟಿವಿಯಲ್ಲಿ ಲೀಗಿನ ಅಧಿಕಾರಿ ವೇದಿಕೆ ಹತ್ತಿದ. "ಟೊಲಿಡೊ ಆರಿಸಿರುವುದು" ಅಂತ ಶುರುಮಾಡಿದ್ದೇ ತಡ, ಮಿಸ್ ಒಡೆಸ್ಸಾ ಎದ್ದು ನಿಂತರು. ಮೊಮ್ಮಗನ ಕೋಟಿನ ಕಾಲರ್ ಸರಿಮಾಡಿದರು. ಅವನೂ ಅರ್ಧ ಎದ್ದಿದ್ದ. ಆಮೇಲೆ ಹೆಸರು ಬಂತು, ಕೋಲ್ ಹೆನ್ನಿಗರ್. ಟವಾರಿಸ್ ಹಾಗೇ ಕೂತುಕೊಂಡ. ಮಿಸ್ ಒಡೆಸ್ಸಾ ಮಾತ್ರ ಸ್ವಲ್ಪ ಹೊತ್ತು ನಿಂತೇ ಇದ್ದರು, ಎಲ್ಲೋ ತಪ್ಪಾಗಿದೆ, ಈಗ ಸರಿಮಾಡ್ತಾರೆ ಅನ್ನೋ ಹಾಗೆ.

ನಾನು ಹೊರಗೆ ಓಡಿ ಮಾರ್ವ್ ಟಿಲ್‌ಮನ್‌ಗೆ ಫೋನ್ ಮಾಡಿದೆ. ನಾನು ಮೊದಲು ಕಿವಿ ಊದಿದ್ದು ಅವನಿಗೇ. ಅವನ ತಂಡದ ಸರದಿ ಇನ್ನು ಸ್ವಲ್ಪ ಹೊತ್ತಿಗೇ ಇತ್ತು.

"ಮಾರ್ವ್, ಬೌಲ್ಸ್‌ನ ತಗೊಳ್ಳೋ. ಅವನ ಕಾಲು ಚೆನ್ನಾಗಿದೆ. ಅವತ್ತು ನಾನು ಸುಳ್ಳು ಹೇಳಿದ್ದು."

ಮಾರ್ವ್ ನಕ್ಕ. "ಏನೇ ನೀನು! ನಿಮ್ಮ ಸರದೀಲಿ ನೀವೇ ಅವನನ್ನ ಬಿಟ್ರಿ, ಈಗ ಅವನನ್ನ ನಮ್ಮ ತಲೆಗೆ ಕಟ್ಟೋಕೆ ಬಂದಿದೀಯ?"

"ದೇವರಾಣೆ ಕಣೋ."

"ದೇವರನ್ನ ಯಾಕೆ ಎಳೀತೀಯ ಪಾಪ. ಇಡ್ತೀನಿ, ನಮ್ಮ ಸರದಿ ಬಂತು."

ಇನ್ನೊಬ್ಬನಿಗೆ ಮಾಡಿದೆ, ಅವನೂ ಅದನ್ನೇ ಅಂದ. ಮತ್ತೊಬ್ಬ ಫೋನೇ ಎತ್ತಲಿಲ್ಲ. ಗೋಡೆ ಹಿಡ್ಕೊಂಡು ನಿಂತು ಅತ್ತೆ. ಒಳಗಿನ ಟಿವಿ ಗಾಜಿನಾಚೆ ಕಾಣ್ತಿತ್ತು. ಒಂದೊಂದೇ ಮೇಜಿನವರು ತಬ್ಬಿಕೊಂಡು, ಅತ್ತು ನಕ್ಕು ಎದ್ದು ಹೋಗ್ತಿದ್ರು. ಕೊನೆಗೆ ಅಲ್ಲಿ ಉಳಿದಿದ್ದು ಸಾಸಿವೆ ಬಣ್ಣದ ಸೂಟು, ಪಕ್ಕದಲ್ಲಿ ಫೋನ್ ಕಿವಿಗಿಟ್ಟುಕೊಂಡ ಅಜ್ಜಿ.

ಫೋನ್ ಬಡ್ಕೊಂಡಿದ್ದು ನನ್ನ ಕೈಯಲ್ಲೇ.

"ವರ್ನಾ, ಮಗಳೇ" ಅಂದರು ಮಿಸ್ ಒಡೆಸ್ಸಾ. ಬೈತಾರೆ ಅಂತ ಕಾದೆ. ಬೈಲಿಲ್ಲ. ಮೊಮ್ಮಗನಿಗೆ ಕೇಳಿಸಬಾರದು ಅಂತ ದನಿ ತಗ್ಗಿಸಿದರು. "ನಿಮ್ಮ ಡಾಕ್ಟರು ಏನೋ ನೋಡಿದ್ದಾರೆ, ಅಲ್ವಾ? ನಮಗೆ ಹೇಳಿಲ್ಲ."

"ಇಲ್ಲ ಮಿಸ್ ಒಡೆಸ್ಸಾ, ಏನೂ ಇಲ್ಲ. ಅವನ ಕಾಲು ಚೆನ್ನಾಗಿದೆ. ಆಣೆ ಮಾಡಿ ಹೇಳ್ತೀನಿ."

"ನಿನ್ನ ಮನಸ್ಸು ಒಳ್ಳೇದು, ನೋವಾಗುತ್ತೆ ಅಂತ ಮುಚ್ಚಿಡ್ತಿದೀಯ. ಪರವಾಗಿಲ್ಲ, ನಾನು ತಡ್ಕೋತೀನಿ" ಅಂದರು. "ಯಾವ ಕಾಲು ಅಂತಾದ್ರೂ ಹೇಳಮ್ಮ."