ಬೇಲಿಗೆ ಕ್ಷೌರ

ಭಾನುವಾರ ಊಟಕ್ಕೆ ಬಂದ ಭಾವನ ಕೈ ಸುಮ್ಮನಿರಬೇಕಲ್ಲ. ಕ್ಷೌರದಂಗಡಿಯವರು, ಬೆಳೆದದ್ದು ಕಂಡರೆ ಕತ್ತರಿಸಲೇಬೇಕು. ನಾನು ಸ್ನಾನ ಮುಗಿಸಿ ಹಿತ್ತಲಿಗೆ ಬಂದರೆ ನನ್ನ ಹಸಿರು ಬೇಲಿಯನ್ನು ಬೋಳಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಸಮವಾಯಿತೇ ಎಂದು ತಲೆ ವಾಲಿಸಿ ನೋಡುತ್ತಿದ್ದರು. ಒಳಗಿದ್ದ ಹಕ್ಕಿಗೂಡು ಮೂರು ಮೊಟ್ಟೆ ಸಮೇತ ಬಿಸಿಲಿಗೆ ಬಟಾಬಯಲಾಗಿತ್ತು. ತಾಯಿಹಕ್ಕಿ ತಂತಿಯ ಮೇಲೆ ಕೂತು ಕಿರುಚುತ್ತಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. "ಕಣ್ಣು ಕಾಣಲ್ವಾ ಭಾವ ನಿಮಗೆ? ಮೂರು ವಾರದಿಂದ ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಿದೀನಿ."

ಭಾವ ಕತ್ತರಿ ಕೆಳಗಿಟ್ಟರು. ಅವರ ಜೊತೆ ಬಂದಿದ್ದ ಅಕ್ಕ ಮಾತ್ರ ಬಿಡಲಿಲ್ಲ. "ಗೂಡಿದೆ ಅಂತ ಯಾರಿಗಾದ್ರೂ ಹೇಳಿದ್ಯೇನೋ?"

ಹೇಳಿರಲಿಲ್ಲ. ಅವಳ ಮಕ್ಕಳು ನೋಡಲು ಮುತ್ತಿಕೊಂಡಾರೆಂದು, ನನ್ನ ಹೆಂಡತಿಗೂ ಹೇಳದೆ ಒಬ್ಬನೇ ನೋಡಿಕೊಂಡು ಖುಷಿಪಟ್ಟಿದ್ದೆ.

ಈಗ ನನ್ನ ಮೇಲೇ ಬಂದ ಸಿಟ್ಟಿಗೂ ನಾನು ಭಾವನನ್ನೇ ದುರುಗುಟ್ಟಿ ನೋಡಿದೆ.