ಏಳನೇ ನಂಬರು

ಫ್ಯಾನಿನ ಸದ್ದಿನ ಕೆಳಗೆ ಇನ್ನೊಂದು ಸಣ್ಣ ಸದ್ದು, ಟಿಕ್ ಅಂತ, ಲ್ಯಾಬಿನ ಹಳೇ ಯಂತ್ರದ ಡಿಸ್ಕಿನದೋ ನನ್ನ ಕೈಗಡಿಯಾರದ್ದೋ, ಮೇಜಿಗೆ ಕಿವಿಯಿಟ್ಟರೆ ಡಿಸ್ಕಿನದೇ, ತಿರುಗ್ತಾ ಇದೆ ಮುದುಕಪ್ಪ, ಜೀವ ಇದೆ, ಹಾಗಾದರೆ ಪರದೆ ಮೇಲೆ ಯಾಕೆ ಈ ಹುಚ್ಚಾಟ — ಸೊನ್ನೆ, ಇದ್ದೀಯಾ, ಇದ್ದೀನಿ, ಒಂದು, ಇದ್ದೀಯಾ, ಇದ್ದೀನಿ, ಎರಡು, ಇದ್ದೀನಿ, ಮೂರು, ಇದ್ದೀನಿ ಇದ್ದೀನಿ, ಆರರ ತನಕ ಎಲ್ಲರೂ ಇದ್ದಾರೆ, ನಿಜಕ್ಕೂ ಇರೋದು ಒಂದೇ ಡಿಸ್ಕು, ನನ್ನ ಕೈಯಾರೆ ಕೇಬಲ್ಲಿಗೆ ಸಿಕ್ಕಿಸಿದ್ದು, ಎಲ್ಲಾ ಸಾಲಲ್ಲೂ ಅದೇ ಹೆಸರು ಅದೇ ಅಳತೆ, ಬೀದಿಯ ಅಷ್ಟೂ ಕಿಟಕಿಯಲ್ಲಿ ಒಬ್ಬನೇ ಮನುಷ್ಯ ಇಣುಕಿದ ಹಾಗೆ. ಯಂತ್ರ ಹೀಗೆಲ್ಲ ಮಾತಾಡಲ್ಲ, ಅದು ಬರೀ ಸಾಲು ಉದುರಿಸುತ್ತೆ, ಮಾತು ತುಂಬೋಳು ನಾನು, ಅದು ನನ್ನ ಚಾಳಿ, ಕುಕ್ಕರಿಗೂ ಮಾತು ತುಂಬ್ತೀನಿ, ಲಿಫ್ಟಿಗೂ, ಮನೇಲಿ ಇವರಿಗೂ. ಹೊರಗೆ ಕಾರಿಡಾರಿನಲ್ಲಿ ಸಾಮಾನು ಸಾಗಿಸೋರು ಬಂದು ಕೂತಿದ್ದಾರೆ, ಇಬ್ಬರು, ಹಗ್ಗ ಗೋಣಿ ತಳ್ಳುಗಾಡಿ ಎಲ್ಲ ತಯಾರು, ಅವರಲ್ಲಿ ದಪ್ಪನೆಯವನು ಆಗಲೇ ಎರಡು ಸಲ ತಲೆ ಹಾಕಿ ಕೇಳಿದ, ಅಕ್ಕಾ ಆಯ್ತಾ, ಆಗಿಲ್ಲಪ್ಪ, ನಿಧಾನ ಮಾಡಿ ನಮಗೇನೂ ಅವಸರ ಇಲ್ಲ ಅಂದ, ಗಾಡಿಯ ಹಿಡಿಕೆ ಮಾತ್ರ ಕೈಯಿಂದ ಬಿಡಲಿಲ್ಲ. ನಮ್ಮ ಲ್ಯಾಬಿನ ಮೇಡಂ ಬೆಳಿಗ್ಗೆಯೇ ಹೇಳಿಬಿಟ್ಟರು, ಊಟದ ಹೊತ್ತಿನ ತನಕ ನೋಡಮ್ಮ, ಆಮೇಲೆ ಬಿಟ್ಟುಬಿಡು, ಕೋಣೆ ಖಾಲಿ ಆಗಲೇಬೇಕು. ಇಲ್ಲಿ ಹಿಡಿದಿಟ್ಟ ಬೇರೆಯವರ ಧ್ವನಿಗಳೆಲ್ಲ ಯಾವತ್ತೋ ಹೊಸ ಯಂತ್ರಕ್ಕೆ ಹೋದವು, ಇವರದ್ದೊಂದನ್ನ ನಾನೇ ನಿಧಾನವಾಗಿ ಮಾಡಿಕೊಳ್ತೀನಿ ಅಂತ ಕೊನೆಗೆ ಇಟ್ಟುಕೊಂಡಿದ್ದೆ, ಅಷ್ಟರಲ್ಲಿ ಹಳೇ ಕಾರ್ಡು ಸುಟ್ಟು ಕೈ ಕೊಟ್ಟಿತು, ನನ್ನ ಗಂಡನ ಧ್ವನಿ ಲೋಕದಲ್ಲಿ ಇರೋದು ಈ ಡಿಸ್ಕಿನಲ್ಲಿ ಮಾತ್ರ, ಅವರ ಗಂಟಲಲ್ಲೂ ಇಲ್ಲ.

ಕಾರ್ಡು ಅಂದರೆ ಈ ಸ್ಕಜಿ ಹೋಸ್ಟ್ ಅಡಾಪ್ಟರು, ಅಂಗೈಯಗಲದ ಹಸಿರು ಹಲಗೆ, ಗೋದಾಮಿನ ರಟ್ಟಿನ ಡಬ್ಬದಿಂದ ಹುಡುಕಿ ತೆಗೆದದ್ದು, ಯಂತ್ರಕ್ಕೂ ಡಿಸ್ಕಿಗೂ ನಡುವೆ ಮಾತು ದಾಟಿಸೋದು ಇದೇ, ಬೇರೆ ಕಂಪನಿಯದ್ದು, ಅದಕ್ಕೇ ಅದನ್ನ ನಡೆಸೋ ಪ್ರೋಗ್ರಾಮು, ಡ್ರೈವರು, ಅದೂ ಬೇರೆ, ಯಂತ್ರ ಆಳೋ ಯುನಿಕ್ಸು ಹಳೇ ಕಾಲದ ಮಾವನವರ ಹಾಗೆ, ಹೊಸಬರನ್ನ ಬಾಗಿಲಲ್ಲೇ ನಿಲ್ಲಿಸಿ ಊರು ಕೇರಿ ಕುಲ ಎಲ್ಲ ಕೇಳುತ್ತೆ, ಯಾವ ಇಂಟರಪ್ಟು, ಅಂದರೆ ಯಾವ ಗಂಟೆ ಬಾರಿಸಿ ಯಂತ್ರವನ್ನ ಕರೀತೀಯ, ಯಾವ ವಿಳಾಸ, ಎಲ್ಲ ಬರೆದುಕೊಟ್ಟೆ, ಯುನಿಕ್ಸಿನ ತಿರುಳು, ಕರ್ನಲ್ಲನ್ನ ಹೊಸದಾಗಿ ಕಟ್ಟಿದೆ, ಮೊದಲನೇ ಸಲ ನೆಟ್‌ವರ್ಕಿನ ಕಾರ್ಡಿಗೂ ಇದಕ್ಕೂ ಒಂದೇ ಇಂಟರಪ್ಟು ಕೊಟ್ಟು ಇಡೀ ಯಂತ್ರ ಕಲ್ಲಿನ ಹಾಗೆ ಕೂತಿತು, ಬದಲಿಸಿದೆ, ಮತ್ತೆ ಕಟ್ಟಿದೆ, ಎದ್ದಿತು, ಕೇಬಲ್ಲಿನ ಮೇಲಿರೋರನ್ನ ಒಬ್ಬೊಬ್ಬರನ್ನಾಗಿ ಕರೆಯೋಕೆ ಶುರು ಮಾಡಿತು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತೆ, ಆಮೇಲೆ ಈ ಇದ್ದೀನಿ ಇದ್ದೀನಿ. ಕೇಬಲ್ಲಿನ ಮೇಲೆ ಸೊನ್ನೆಯಿಂದ ಏಳರ ತನಕ ನಂಬರು, ಏಳು ಕಾರ್ಡಿನದ್ದೇ, ಕರೆಯೋನದ್ದು, ಉಳಿದವು ಓಗೊಡೋರದ್ದು, ಡಿಸ್ಕು ಅವುಗಳಲ್ಲಿ ಎಲ್ಲೋ ಒಂದು ಕಡೆ ಇರಬೇಕು, ಎಲ್ಲಾ ಕಡೆ ಇದೆ ಅಂದರೆ ಎಲ್ಲೂ ಇಲ್ಲ ಅಂತಲೇ, ಕೈಹಾಕಿ ತೆರೆಯೋಕೆ ಹೋದರೆ ಬರೀ ತಪ್ಪು ತಪ್ಪು ತಪ್ಪು. ಬೆಳಿಗ್ಗೆ ಇವರನ್ನ ಕೇಳಿದ್ದೆ, ಚೀಲ ಹೆಗಲಿಗೆ ಹಾಕಿಕೊಳ್ತಾ, ನಿಮ್ಮ ಧ್ವನಿ ಮನೆಗೆ ತರಲಾ, ರಾತ್ರಿ ಕೇಳೋಣ ಇಬ್ಬರೂ, ಒಂದು ತಟ್ಟಿದರು ಮೇಜಿನ ಮೇಲೆ, ಒಂದು ತಟ್ಟಿದರೆ ಹೌದು, ಎರಡು ತಟ್ಟಿದರೆ ಇಲ್ಲ, ಆಸ್ಪತ್ರೆಯಿಂದ ಬಂದ ದಿನವೇ ನಾನು ಮಾಡಿದ ಕಾನೂನು, ಹಾಂ ಗೊತ್ತಿತ್ತು ನನಗೆ, ಅಂದೆ, ಚಪ್ಪಲಿ ಮೆಟ್ಟಿದೆ, ಬಾಗಿಲು ಎಳೆಯೋವಾಗ ನೋಡಿದರೆ ಬೆರಳು ಇನ್ನೂ ಮೇಲೇ ಇತ್ತು, ತೋರುಬೆರಳು, ಮೇಜಿಂದ ಒಂದು ಗೇಣು ಮೇಲೆ, ಹೋಗಿ ಬಾ ಅಂತಿರಬೇಕು ಅಂದುಕೊಂಡೆ. ಬಸ್ಸು ತುಂಬಿತ್ತು, ನಿಂತುಕೊಂಡೇ ಬಂದೆ.

ಆ ಬೆರಳು ಕೂಡ ಹರಾಜಿನದ್ದೇ. ಹಳೇ ಸಾಮಾನಿನ ಹರಾಜು ಕೂಗೋದು ಇವರ ಕೆಲಸ ಆಗಿತ್ತು, ಕಪಾಟು, ಗೋಡೆಗಡಿಯಾರ, ಕಾಲು ಮುರಿದ ಆರಾಮಕುರ್ಚಿ, ದೊಡ್ಡ ಶೆಡ್ಡಿನಲ್ಲಿ ಮೈಕು ಇಲ್ಲದೆ, ಹಿಂದಿನ ಸಾಲಿನ ಕಿವುಡನಿಗೂ ಕೇಳೋ ಹಾಗೆ, ಒಂದನೇ ಸಲ — ಅಂದು ಬೆರಳು ಎತ್ತಿ ನಿಲ್ಲೋರು, ಇಡೀ ಶೆಡ್ಡು ಉಸಿರು ಬಿಗಿಹಿಡಿದು ಆ ಬೆರಳನ್ನೇ ನೋಡೋದು, ಎಷ್ಟು ಹೊತ್ತು ನಿಲ್ಲಿಸ್ತೀರಿ ಮಾರಾಯರೇ, ಬೇಗ ಹೊಡೆದು ಮುಗಿಸಬಾರದಾ, ಅಂತ ನಾನು ಮನೇಲಿ ರೇಗಿಸಿದರೆ, ನಿನಗೆ ಗೊತ್ತಾಗಲ್ಲ ಕಣೇ ಚುರುಕಿ, ಜನಕ್ಕೆ ಬೇಕು ಬೇಡ ಅನ್ನೋದು ತಡವಾಗಿ ಬಾಯಿಗೆ ಬರುತ್ತೆ, ಕಾಯಬೇಕು. ಚುರುಕಿ, ಆ ಹೆಸರಿಂದ ಕರೆಯೋರು ಇವರೊಬ್ಬರೇ, ಈಗ ಯಾರೂ ಇಲ್ಲ. ಗಂಟಲಲ್ಲಿ ಗಡ್ಡೆ ಅಂದರು, ಧ್ವನಿಪೆಟ್ಟಿಗೆ ತೆಗೆಯಲೇಬೇಕು ಅಂದರು, ಹಿಂದಿನ ದಿನ ಇಲ್ಲಿಗೇ ಕರೆದುಕೊಂಡು ಬಂದೆ, ಧ್ವನಿ ಹೋಗೋರ ಧ್ವನಿ ಹಿಡಿದಿಡೋದೇ ನಮ್ಮ ಲ್ಯಾಬಿನ ಕೆಲಸ, ಗಾಜಿನ ಗೂಡಿನೊಳಗೆ ಕೂರಿಸಿದರು, ಮನೆ, ನೀರು, ಬಾಗಿಲು, ಎಲ್ಲರಿಗೂ ಕೊಡೋ ಅದೇ ಪದಗಳು, ಇವರೇನು ಸುಮ್ಮನೆ ಓದ್ತಾರಾ, ಮನೆಯನ್ನೇ ಹರಾಜಿಗೆ ಹಾಕಿದರಂತೆ, ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡು ಹೊರಗೆ ಬಂದರು, ನಾನು ಕೇಳಲಿಲ್ಲ, ನನ್ನಿಂದ ಆಗಲಿಲ್ಲ, ಆಚೆ ಕೋಣೆಯಲ್ಲಿ ಕೇಬಲ್ಲು ಸುತ್ತುತ್ತಾ ನಿಂತಿದ್ದೆ. ಅಂದಿನಿಂದ ಮನೇಲಿ ಮಾತು ಅಂದರೆ ನನ್ನದೇ, ಕಾಫಿ ಬೇಕಾ, ಬೇಕು, ಸಕ್ಕರೆ, ಅರ್ಧ ಚಮಚ ಸಾಕು, ಕಿಟಕಿ ಹಾಕಲಾ, ಹಾಕು ಚಳಿ ಇದೆ, ಎರಡೂ ಪಾತ್ರ ನನ್ನದೇ, ದನಿ ಕೂಡ ಸ್ವಲ್ಪ ದಪ್ಪ ಮಾಡ್ತೀನಿ ಅವರ ಪಾತ್ರಕ್ಕೆ, ನಾದಿನಿ ಬಂದಿದ್ದಾಗ ಅರ್ಧ ದಿನ ನೋಡಿ ಅಂದಳು, ಅತ್ತಿಗೆ, ಅಣ್ಣನ ಬಾಯಿ ಹೋದರೆ ನಿಮಗೆ ಎರಡು ಬಾಯಿ ಬಂತಲ್ಲ, ಪಾಪ ಅವನೂ ಒಂದು ಅನ್ನಲಿ ಬಿಡಿ, ನಗ್ತಾನೇ ಅಂದಳು, ನಾನೂ ನಕ್ಕೆ, ಪಾತ್ರೆ ತೊಳೆಯೋವಾಗ ಅತ್ತುಬಿಟ್ಟೆ. ಅವಳಿಗೇನು ಗೊತ್ತು, ಸುಮ್ಮನಿದ್ದರೆ ಆ ಮನೆ ಹೇಗೆ ಮೈಮೇಲೆ ಬರುತ್ತೆ ಅಂತ, ಒಂದೇ ಹಾಸಿಗೆಯಲ್ಲಿ ಮಲಗಿ ಯಾರೂ ಇಲ್ಲ ಅನ್ನಿಸುತ್ತೆ, ಪಕ್ಕದಲ್ಲಿ ಕತ್ತಿನ ತೂತಿನ ಉಸಿರು ಮಾತ್ರ, ಸುಯ್ ಸುಯ್ ಅಂತ. ಅದಕ್ಕೇ ಮಾತಾಡ್ತೀನಿ, ಕೇಳ್ತೀನಿ, ನಾನೇ ಉತ್ತರ ಕೊಟ್ಟುಕೊಳ್ತೀನಿ.

ಕೇಬಲ್ಲಿನ ತುದಿ ಮುಚ್ಚೋ ಟರ್ಮಿನೇಟರು ಇದೆ, ಬೆಣೆಯ ಹಾಗೆ ಗಟ್ಟಿಯಾಗಿ ಕೂತಿದೆ, ಕೇಬಲ್ಲು ಬದಲಿಸಿ ನೋಡಿದ್ದಾಯ್ತು, ಇನ್ನೇನು ಉಳಿದಿದೆ, ಡಿಸ್ಕಿನ ಬೆನ್ನು ತಿರುಗಿಸಿ ಟಾರ್ಚು ಹಾಕು — ಹಾಳಾದ್ದು, ಮೂರೂ ಇವೆ. ಮೂರು ಜಂಪರು, ಜೀರಿಗೆಯಷ್ಟು ದಪ್ಪದ ಕರಿ ಪ್ಲಾಸ್ಟಿಕ್ಕು, ಪಿನ್ನುಗಳ ಮೇಲೆ ಸಾಲಾಗಿ, ನಿನ್ನೆ ಡಿಸ್ಕನ್ನ ಪೆಟ್ಟಿಗೆಯಿಂದ ತೆಗೆದಾಗ ಎಲ್ಲಾದರೂ ಬಿದ್ದು ಕಳೆದು ಹೋದಾವು ಅಂತ ನಾನೇ ಅಷ್ಟನ್ನೂ ಸಿಕ್ಕಿಸಿಟ್ಟಿದ್ದು, ಜಾಣತನ, ಈ ಕಸುಬಿನವರೆಲ್ಲ ಹಾಗೇ ಮಾಡ್ತಾರೆ, ಪಿನ್ನಿಗಿಂತ ಒಳ್ಳೆ ಡಬ್ಬಿ ಬೇರೆ ಇಲ್ಲ, ಆದರೆ ಡಿಸ್ಕಿಗೆ ನಂಬರು ಕೊಡೋದೇ ಜಂಪರು, ಒಂದೊಂದಕ್ಕೂ ಒಂದೊಂದು ಅಂಕೆ, ಒಂದು, ಎರಡು, ನಾಲ್ಕು, ಮೂರೂ ಸೇರಿದರೆ ಏಳು, ಡಿಸ್ಕು ಹೋಗಿ ಕಾರ್ಡಿನ ನಂಬರಿನ ಮೇಲೇ ಕೂತಿದೆ. ಕರೆಯೋನದ್ದೂ ಓಗೊಡೋನದ್ದೂ ಒಂದೇ ನಂಬರು, ಇನ್ನು ಯಾವ ಮನೆ ಬಾಗಿಲು ಬಡಿದರೂ ಇದ್ದೀನಿ ಅಂತ ಬರದೆ ಏನಾಗುತ್ತೆ, ಕಾಫಿ ಬೇಕಾ, ಬೇಕು, ಕಿಟಕಿ ಹಾಕಲಾ, ಹಾಕು — ಅಯ್ಯೋ ದೇವರೇ. ಸ್ವಿಚ್ಚು ಆರಿಸಿದೆ, ಚಿಮಟದಲ್ಲಿ ನಾಲ್ಕರ ಜಂಪರನ್ನ ಎಳೆದೆ, ಉಳಿದದ್ದು ಒಂದು ಮತ್ತು ಎರಡು, ಕೂಡಿದರೆ ಮೂರು, ಇನ್ನು ಡಿಸ್ಕಿನ ನಂಬರು ಅದೇ, ಎಳೆದದ್ದನ್ನ ಎಲ್ಲಿಡೋದು, ಪಿನ್ನಿನ ಮೇಲಂತೂ ಅಲ್ಲ, ತುಟಿಗಳ ನಡುವೆ ಕಚ್ಚಿಕೊಂಡೆ, ಸ್ವಿಚ್ಚು ಹಾಕಿದೆ. ಸೊನ್ನೆ — ಇಲ್ಲ. ಒಂದು — ಇಲ್ಲ. ಎರಡು ಇಲ್ಲ, ಮೂರು, ಮೂರೂ ಇಲ್ಲ, ಆರರ ತನಕ ಖಾಲಿ, ಆ ಸುಳ್ಳು ಇದ್ದೀನಿಗಳೇ ವಾಸಿ ಅನ್ನಿಸಿಬಿಟ್ಟಿತು ಒಂದು ಗಳಿಗೆ. ದಪ್ಪನೆಯವನು ಮತ್ತೆ ತಲೆ ಹಾಕಿದ, ಬಾಯಲ್ಲಿ ಜಂಪರು, ಮಾತಾಡೋ ಹಾಗಿಲ್ಲ, ಅಂಗೈ ತೋರಿಸಿದೆ, ಇರು ಅಂತ. ಯಾಕಿಲ್ಲ, ಟಿಕ್ ಅನ್ನುತ್ತೆ, ತಿರುಗುತ್ತೆ, ನಿಧಾನವಾಗಿ ವೇಗ ಹಿಡಿಯುತ್ತೆ, ಮುದುಕ ಎದ್ದು ಪಂಚೆ ಸರಿಮಾಡಿಕೊಂಡು ಬಾಗಿಲಿಗೆ ಬರೋದರೊಳಗೆ ಡ್ರೈವರು ಇಲ್ಲ ಅಂತ ಬರೆದು ಮುಂದಿನ ಮನೆಗೆ ಹೋಗಿಬಿಟ್ಟಿದೆ, ಎಷ್ಟು ಹೊತ್ತು ಕಾಯಬೇಕು ಅನ್ನೋದನ್ನ ಬರೆದೋಳೂ ನಾನೇ, ತೀರಾ ಕಮ್ಮಿ ಹಾಕಿದ್ದೆ, ಯಂತ್ರ ಬೇಗ ಏಳಲಿ ಅಂತ. ಹೆಚ್ಚು ಮಾಡಿದೆ, ಧಾರಾಳವಾಗಿ, ಮತ್ತೆ ಕರ್ನಲ್ಲು ಕಟ್ಟಿದೆ, ಅದು ಮುಗಿಯೋ ತನಕ ಸುಮ್ಮನೆ ಕೂತೆ.

ಎದ್ದಿತು. ಕಾಯ್ತಾ ಇದೆ. ಪರದೆ ಖಾಲಿ, ಕರ್ಸರು ಮಾತ್ರ ಮಿಣುಕ್ ಮಿಣುಕ್, ಇಷ್ಟು ಹೊತ್ತು ಬೇಕಾ, ಬೇಕು ಅಂತ ನಾನು ಅನ್ನಲ್ಲ ಈ ಸಲ, ಜಂಪರು ಕಚ್ಚಿಕೊಂಡಿದ್ದೀನಿ — ಸೊನ್ನೆ, ಇಲ್ಲ, ಒಂದು, ಇಲ್ಲ, ಎರಡು, ಇಲ್ಲ, ಮೂರು, ಮೂರು, ಇದೆ. ಒಂದೇ ಸಾಲು, ಒಂದೇ ಸಲ. ನಾಲ್ಕು ಐದು ಆರು ಖಾಲಿ, ಖಾಲಿ ಇರಬೇಕಾದ್ದೇ, ಕಣ್ಣೊರೆಸಿಕೊಂಡು ಡಿಸ್ಕು ತೆರೆದೆ, ಇವರ ಹೆಸರಿನ ಕಡತ ಇದೆ, ಹೆಡ್‌ಫೋನು ಹಾಕಿಕೊಂಡೆ, ಕಿವಿ ಬಿಸಿಯಾಗಿತ್ತು, ಮೊದಲು ಕೆಮ್ಮು, ಕುರ್ಚಿ ಎಳೆದ ಸದ್ದು, ಆಮೇಲೆ ಮೈಕಿಗೆ ಅಗತ್ಯವೇ ಇಲ್ಲದಷ್ಟು ದೊಡ್ಡದಾಗಿ — ಮನೆ, ಮನೆ, ನೋಡಿ ಸ್ವಾಮಿ ಎರಡು ಕೋಣೆಯ ಮನೆ, ಒಳಗೆ ಒಬ್ಬ ಚುರುಕಿ ಇದ್ದಾಳೆ, ಅವಳನ್ನ ಕೊಡಲ್ಲ, ಮನೆ ಮಾತ್ರ, ಒಂದನೇ ಸಲ — ನಿಂತಿತು. ಕೆಟ್ಟಿತಾ, ನಿಂತೇ ಹೋಯಿತಾ, ಕೈ ಕೀಲಿಮಣೆಗೆ ಹೋಯಿತು, ಇಲ್ಲ, ಉಸಿರು ಕೇಳ್ತಾ ಇದೆ, ಬೆರಳು ಎತ್ತಿಕೊಂಡು ನಿಂತಿದ್ದಾರೆ, ಗಾಜಿನ ಗೂಡಿನೊಳಗೆ ಕೊಳ್ಳೋರು ಒಬ್ಬರೂ ಇಲ್ಲದಿದ್ದರೂ ಕಾಯ್ತಾ ಇದ್ದಾರೆ, ಯಾರಿಗಾದರೂ ತಡವಾಗಿ ಬಾಯಿಗೆ ಬಂದೀತು ಅಂತ — ಎರಡನೇ ಸಲ. ಬೆಳಿಗ್ಗೆ ಆ ಬೆರಳು. ಮೇಜಿಂದ ಒಂದು ಗೇಣು ಮೇಲೆ, ಹೋಗಿ ಬಾ ಅಂತಲ್ಲ, ಒಂದು ತಟ್ಟಿಯಾಗಿತ್ತು, ಇನ್ನೊಂದು ತಟ್ಟೋಕೆ ಎತ್ತಿದ್ದಾ, ಕಾಫಿಗೆ, ಕಿಟಕಿಗೆ, ನಾದಿನಿಯ ಮನೆಗೆ ಹೋಗೋಣವಾ ಅಂದಾಗ, ಪ್ರತಿಸಲ ಒಂದು ಸದ್ದು ಕೇಳಿದ್ದೇ ತಡ ಹೌದು ಅಂತ ಎದ್ದುಹೋದೋಳು ನಾನು, ಎರಡು ತಟ್ಟು ಕೇಳಿದ್ದು ನೆನಪೇ ಆಗ್ತಿಲ್ಲ, ಒಂದು ಸಲವೂ. ಮೇಡಂ ಬಾಗಿಲಲ್ಲಿ ನಿಂತು, ಸಿಕ್ಕಿತಾ ಅಂದರು, ಜಂಪರು ಬಾಯಿಂದ ತೆಗೆದು ಸಿಕ್ಕಿತು ಅಂದೆ, ನಕಲು ಮಾಡಿಕೋ ಮತ್ತೆ, ಹೊತ್ತಾಯಿತು, ಗಾಡಿಯವರು ಕಾಯ್ತಿದ್ದಾರೆ ಅಂದರು. ಮನೆಗೊಂದು ಫೋನು ಮಾಡಿ ಆಮೇಲೆ ಮಾಡಿಕೊಳ್ತೀನಿ ಅಂದೆ.

ರಿಂಗಾಗ್ತಾ ಇದೆ, ಕಪಾಟಿನ ಪಕ್ಕದ ಫೋನು, ಕುರ್ಚಿಯಿಂದ ಎದ್ದು ಬರಬೇಕು, ಬರಲಿ, ಎತ್ತಿದರು, ಸುಯ್ ಅಂತ ಉಸಿರು, ನಾನು ಕಣ್ರೀ, ನಿಮ್ಮ ಧ್ವನಿ ಸಿಕ್ಕಿತು, ಚೆನ್ನಾಗಿದೆ, ಕೇಳಿದೆ, ಮನೆ ಹರಾಜು ಹಾಕಿದ್ದೀರಿ, ಚುರುಕಿಯನ್ನ ಕೊಡಲ್ಲ ಅಂದಿದ್ದೀರಿ, ಈಗ ಇಲ್ಲಿ ಯಂತ್ರ ಎತ್ತಿಕೊಂಡು ಹೋಗೋಕೆ ಜನ ಬಂದಿದ್ದಾರೆ, ನಾನು ನಕಲು ಮಾಡಿಕೊಂಡು ತಂದರೆ ಇರುತ್ತೆ, ಇಲ್ಲದಿದ್ದರೆ ಹೋಗುತ್ತೆ, ಅಷ್ಟೇ, ನನಗೆ ಬೇಕು, ತುಂಬಾ ಬೇಕು, ಆದರೆ ಅದು ನಿಮ್ಮದು, ಮನೇಲಿ ದಿನಾ ಅದನ್ನ ಕೇಳ್ತಾ ಕೂರೋದು ನೀವು, ತರಲಾ, ಕೇಳಿದೆ, ಕೇಳಿ ಜಂಪರನ್ನ ಮತ್ತೆ ತುಟಿಗಳ ನಡುವೆ ಇಟ್ಟುಕೊಂಡೆ. ಉಸಿರು. ಗೋಡೆಯಾಚೆ ತಳ್ಳುಗಾಡಿಯ ಚಕ್ರ ಕಿರ್ ಅಂದಿತು. ಉಸಿರು. ಟಕ್. ರಿಸೀವರಿನ ಮೇಲೆ ಉಗುರು, ಒಂದು, ಹೌದು ಅಂತ ನಾಲಿಗೆ ತುದಿಗೆ ಬಂತು, ಜಂಪರಿಗೆ ತಗುಲಿ ನಿಂತಿತು, ಕಹಿ ಪ್ಲಾಸ್ಟಿಕ್ಕು, ಸುಮ್ಮನಿದ್ದೀನಿ, ಸುಮ್ಮನೆ, ಒಂದನೇ ಸಲ ಆಯಿತು, ಅವರು ಕಪಾಟಿನ ಪಕ್ಕ ನಿಂತಿದ್ದಾರೆ, ಕಣ್ಣು ಮುಚ್ಚಿ ನೋಡ್ತಾ ಇದ್ದೀನಿ, ರಿಸೀವರಿನಿಂದ ಒಂದು ಗೇಣು ಮೇಲೆ, ಬೆರಳು ಮೇಲಿದೆ, ಬೆರಳು ಇನ್ನೂ ಮೇಲೇ ಇದೆ