ಮೊದಲೇ ಹೊಳೆದ ಕಾಳು

"ಬಾಯಿ ಬಿಡು ರಂಡೆ. ಯಾರಿಗೆ ಮಾರಾಕ ಎತ್ತಿಟ್ಟಿದ್ದಿ ಇವನ್ನ?"

ಮೇಲ್ವಿಚಾರಕ ರಾಘಣ್ಣ ಬೆರಳುದ್ದದ ಪ್ಲಾಸ್ಟಿಕ್ ನಳಿಕೆಯನ್ನು ಗುತ್ತೆವ್ವನ ಮೂಗಿಗೆ ತಿವಿದ. ಅದರ ತಳದಲ್ಲಿ ಸಣ್ಣ ರವೆಗಿಂತಲೂ ಸಣ್ಣ ಕಾಳು, ಮೂವತ್ತೊಂದು.

"ಮಾರಾಕಲ್ರಿ ಯಪ್ಪಾ. ಆರಿಸಿ ಬ್ಯಾರೆ ತಗದಿಟ್ಟೇನಿ."

ಬ್ಯಾಡಗಿಯ ಮಾರ್ಕೆಟ್ ಯಾರ್ಡಿನಲ್ಲಿ ಹದಿನೆಂಟು ವರ್ಷ ಮೆಣಸಿನಕಾಯಿ ಆರಿಸಿದ ಕೈ ಅವಳದು. ಅಂಥ ಆರು ಹೆಂಗಸರನ್ನು 2006ರಲ್ಲಿ ರಾಣೆಬೆನ್ನೂರಿನ ಈ ಲ್ಯಾಬಿಗೆ ಕರೆತಂದಿದ್ದರು. ಕತ್ತಲೆ ಕೋಣೆ, ಸೂಕ್ಷ್ಮದರ್ಶಕ, ನೀಲಿ ದೀಪ. ರಾಳದಿಂದ ಮಾಡಿದ ಒಂದೊಂದು ಕಾಳಿಗೂ ಒಂದೊಂದು ಬಗೆಯ ಪೆಪ್ಟೈಡ್ ಎಂಬ ರಾಸಾಯನಿಕ ಅಂಟಿರುತ್ತದೆ. ಬಣ್ಣ ಕಟ್ಟಿದ ಪ್ರೋಟೀನ್ ಹನಿಸಿ ತೊಳೆದರೆ, ಅದನ್ನು ಹಿಡಿದುಕೊಂಡ ಕಾಳು ಮಾತ್ರ ಹಸಿರಾಗಿ ಹೊಳೆಯುತ್ತದೆ. ಮುಂದೆ ಔಷಧವಾಗುವುದಿದ್ದರೆ ಅದೇ. ಗಾಜಿನ ಕೊಳವೆಯಿಂದ ಅದನ್ನು ಹೀರಿ ಎತ್ತಬೇಕು.

ಯಾರ್ಡಿನಲ್ಲಿ ರಾಶಿಗೆ ಕೈಹಚ್ಚುವ ಮೊದಲು ಬಣ್ಣಗೆಟ್ಟ ಬಿಳಿಗಾಯಿ ತೆಗೆದು ಬದಿಗಿಡುವುದು ರೂಢಿ. ಗುತ್ತೆವ್ವ ಇಲ್ಲಿಯೂ ಹಾಗೇ ಮಾಡಿದ್ದಳು. ಪ್ರೋಟೀನ್ ಹಾಕುವ ಮುಂಚೆಯೇ ತಾವಾಗಿ ಹೊಳೆಯುತ್ತಿದ್ದ ಕಾಳುಗಳನ್ನು ತೆಗೆದಿಟ್ಟಿದ್ದಳು. ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಮಾಲೀಕ ನಂದನ ಬಂದಾಗ ಅದನ್ನೇ ಮತ್ತೆ ಹೇಳಿದಳು. ಅವನು ಬೈಯಲಿಲ್ಲ. ಗಡಿಯಾರ ನೋಡಿದ.

"ಹೋದ ತಿಂಗಳು ಮೂವತ್ತರ ಮ್ಯಾಲೆ ಸಿಕ್ಕಿದ್ವು. ಈ ಸಲ ನಾಲ್ಕು. ರೊಕ್ಕ ಹಾಕೋ ಮುಂಬೈಯವರು ಈಗ ಬರ್ತಾರ. ಇವನ್ನ ವಾಪಸ್ ಅದೇ ತಟ್ಟೀಗೆ ಹಾಕಿಬಿಡು, ಲೆಕ್ಕಕ್ಕ ಬರ್ತಾವ."

"ಸಾಹೇಬ್ರ, ಇವು ಸುಳ್ಳ ಹೊಳಿತಾವ್ರಿ. ಇವಕ್ಕ ಪ್ರೋಟೀನ್ ಹತ್ತೇ ಇಲ್ಲ."

"ಅದು ನಿನ್ನ ಕೆಲಸ ಅಲ್ಲ."

ರಾಘಣ್ಣ ನಕ್ಕ. "ಶಾಣ್ಯಾಕಿ! ಕೈಯಾಗಿನ ಖಾರ ಇನ್ನೂ ಹೋಗಿಲ್ಲ, ಸಾಹೇಬ್ರಿಗೆ ಪಾಠ ಹೇಳ್ತಾಳ. ಹಾಕ್ತೀಯೋ, ಪೊಲೀಸರನ್ನ ಕರೀಲ್ಯೋ?"

ಪೊಲೀಸರೆಂದರೇನೆಂದು ಗುತ್ತೆವ್ವನಿಗೆ ಗೊತ್ತಿತ್ತು. ಹಿಂದೊಮ್ಮೆ ಯಾರ್ಡಿನಲ್ಲಿ ಮೆಣಸಿನಕಾಯಿ ಚೀಲ ಕದ್ದನೆಂಬ ಗುಮಾನಿಯ ಮೇಲೆ ಅವಳ ತಮ್ಮ ಡಾಕಪ್ಪನನ್ನು ಠಾಣೆಗೆ ಒಯ್ದಿದ್ದರು. ನಿಜವಾದ ಕಳ್ಳ ಸಿಕ್ಕ ಮೇಲೆ, ಮೂರನೇ ದಿನ ಬಿಟ್ಟರು. ಡಾಕಪ್ಪ ಇವತ್ತಿಗೂ ಎಡಗಾಲು ಎಳೆದುಕೊಂಡು ನಡೆಯುತ್ತಾನೆ.

"ಹಾಕಿಬಿಡ ಯಕ್ಕಾ," ಪಕ್ಕದಲ್ಲಿ ಕಾಳು ಆರಿಸುತ್ತಿದ್ದ ನೀಲಾ ಪಿಸುಗುಟ್ಟಿದಳು. "ನಮ್ಮಪ್ಪಂದೇನ ಹೋಗತೈತಿ?"

ಹಾಕಿದರೆ? ತಟ್ಟೆಯ ಚೀಟಿಯ ಮೇಲಿರುವುದು ಅವಳ ಸಹಿ. ನಾಳೆ ಸುಳ್ಳು ಹೊರಬಿದ್ದರೆ ಹುಡುಕಿಕೊಂಡು ಬರುವುದೂ ಅವಳನ್ನೇ.

ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ನಂದನ ಎದುರುಗೊಳ್ಳಲು ಹೋದ. ಗುತ್ತೆವ್ವ ನಳಿಕೆ ಕಸಿದುಕೊಂಡು, ಹೊಸ ತಟ್ಟೆಗೆ ಬರೀ ನೀರು ಹನಿಸಿ, ಕಾಳುಗಳನ್ನು ಅದರೊಳಗೆ ಸುರಿದು ದೀಪದಡಿ ಇಟ್ಟಳು. ಎಲ್ಲವೂ ಹೊಳೆದವು. ರಾಘಣ್ಣ ತಟ್ಟೆಗೆ ಕೈ ಹಾಕಿದ. ಅವಳು ಅಡ್ಡ ಬಿದ್ದು ಸೂಕ್ಷ್ಮದರ್ಶಕವನ್ನು ತಬ್ಬಿಕೊಂಡಳು. ಅವನು ತುರುಬು ಹಿಡಿದು ಜಗ್ಗಿದ.

ಬಾಗಿಲು ತೆರೆಯಿತು. ರಾಘಣ್ಣನ ಕೈ ಸಡಿಲವಾಯಿತು.

"ಇಲ್ಲಿ ನೋಡ್ರಿ. ಬರೇ ನೀರೈತ್ರಿ ಇದರಾಗ. ಆದ್ರೂ ಹೊಳಿತಾವು."

ನಂದನನ ಜೊತೆ ಒಳಬಂದ ಮುಂಬೈಯ ಇಬ್ಬರಿಗೂ ಕನ್ನಡ ಬಾರದು. ಅವರು ನಂದನನ ಮುಖ ನೋಡಿದರು. ನಂದನ ನಗುತ್ತ ಇಂಗ್ಲಿಷಿನಲ್ಲಿ ಏನೋ ಹೇಳತೊಡಗಿದ. ಯಾರ್ಡಿಗೆ ಬರುತ್ತಿದ್ದ ಹೊರಊರಿನ ಖರೀದಿದಾರರಿಂದ ಕಲಿತ ನಾಲ್ಕು ಹಿಂದಿ ಮಾತು ಗುತ್ತೆವ್ವನಿಗೆ ಗೊತ್ತಿದ್ದವು.

"ಪಾನಿ, ಸಾಬ್," ಎಂದು ಕಿರುಚಿದಳು. "ಖಾಲಿ ಪಾನಿ! ದೇಖೋ!"

ಹೆದರಿಕೆಗೆ ತೊಡೆಗುಂಟ ಬೆಚ್ಚಗೆ ಇಳಿದ ಉಚ್ಚೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವಳು ಮೇಜು ಬಿಡಲಿಲ್ಲ.